ಚಾವಣಿಯ ಬಣ್ಣ ಇರಲಿ, ರೈಲು ಎಲ್ಲಿ?

ಆಸ್ಟ್ರೇಲಿಯಾದ ಹೊರವಲಯದ ಬಡಾವಣೆಗಳನ್ನು ಬೈಯುವುದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ಒಂದೇ ಅಚ್ಚಿನ ಮನೆಗಳು, ಬೀದಿಗೆ ಮುಖ ಮಾಡಿ ನಿಂತ ಜೋಡಿ ಗ್ಯಾರೇಜು, ಎತ್ತ ನೋಡಿದರೂ ಬೂದು ಚಾವಣಿ, ಫುಟ್‌ಪಾತಿನಲ್ಲಿ ನರಪಿಳ್ಳೆಯಿಲ್ಲ. ಇಷ್ಟು ಹೇಳಿ ‘ಆತ್ಮವಿಲ್ಲದ ಊರು’ ಎಂದು ಷರಾ ಬರೆದರೆ ಲೇಖನ ಸಿದ್ಧ. ಮೆಲ್ಬರ್ನ್ ನಗರಕೇಂದ್ರದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದ ಟಾರ್ನೀಟ್ ಈಗ ಈ ಬೈಗುಳದ ಕಾಯಂ ಗಿರಾಕಿ. ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಪೂರ್ವದ ಗ್ಲೆನ್ ವೇವರ್ಲಿಯಂಥ ಕಡೆ ಮೊದಲೇ ನೆಲೆಯೂರಿದ ಭಾರತೀಯರು ‘ಟಾರ್ನೀಟಾ? ಅದಕ್ಕೆ ಇಂಡಿಯಾ ಬಿಟ್ಟು ಯಾಕೆ ಬರಬೇಕಿತ್ತು’ ಎಂದು ನಗುವುದುಂಟು.

ಈ ನಗು ನನಗೆ ಹಿಡಿಸುವುದಿಲ್ಲ. ಟಾರ್ನೀಟ್ ಸುಂದರವಾಗಿದೆ ಎಂದೇನೂ ನಾನು ವಾದಿಸುತ್ತಿಲ್ಲ. ಅಭಿರುಚಿಯ ತಕರಾರು ತೆಗೆದವರಿಗೆ ಅಲ್ಲಿನ ನಿಜವಾದ ತಕರಾರು ಕಾಣಿಸದೇ ಹೋಗುತ್ತದೆ. ಇದು ಇವತ್ತಿನ ಕಥೆಯೂ ಅಲ್ಲ.

1960ರಲ್ಲಿ ವಾಸ್ತುಶಿಲ್ಪಿ ರಾಬಿನ್ ಬಾಯ್ಡ್ ‘ದಿ ಆಸ್ಟ್ರೇಲಿಯನ್ ಅಗ್ಲಿನೆಸ್’ ಎಂಬ ಪುಸ್ತಕ ಬರೆದರು. ಅಲ್ಲೊಂದು ಇಲ್ಲೊಂದು ಅಲಂಕಾರ ಮೆತ್ತಿ ಇಡೀ ಕಟ್ಟಡವನ್ನು ಮರೆಸುವ ಚಾಳಿಗೆ ‘ಫೀಚರಿಸಂ’ ಎಂದು ಹೆಸರಿಟ್ಟು ಝಾಡಿಸಿದರು. ಅದಕ್ಕೂ ಕೆಲವು ವರ್ಷ ಮೊದಲೇ ಹಾಸ್ಯನಟ ಬ್ಯಾರಿ ಹಂಫ್ರೀಸ್ ಮೆಲ್ಬರ್ನಿನ ಮೂನೀ ಪಾಂಡ್ಸ್ ಬಡಾವಣೆಯ ಗೃಹಿಣಿ ಎಡ್ನಾಳನ್ನು ರಂಗಕ್ಕೆ ತಂದು ಜನರನ್ನು ನಗಿಸಿದ್ದರು. ಬಾಯ್ಡ್ ಬಗ್ಗೆ ಒಂದು ಮಾತು ಹೇಳಲೇಬೇಕು: 1947ರಿಂದ ಕೆಲವು ವರ್ಷ ಅವರು ‘ದಿ ಏಜ್’ ಪತ್ರಿಕೆಯ ಜೊತೆಗೂಡಿ ನಡೆದ ‘ಸ್ಮಾಲ್ ಹೋಮ್ಸ್ ಸರ್ವಿಸ್’ನ ಮುಖ್ಯಸ್ಥರಾಗಿ, ಸಾಮಾನ್ಯರ ಕೈಗೆಟುಕುವ ದರದಲ್ಲಿ ಒಳ್ಳೆಯ ಮನೆ ನಕ್ಷೆ ಸಿಗುವಂತೆ ಮಾಡಿದ್ದರು. ಅವರ ಹೆಸರು ಹೇಳಿಕೊಂಡು ಬಂದವರು ನಕ್ಷೆಯನ್ನು ಕೈಬಿಟ್ಟರು, ಗೇಲಿಯನ್ನು ಮಾತ್ರ ಉಳಿಸಿಕೊಂಡರು.

ಆ ಗೇಲಿ ನಡೆಯುತ್ತಿದ್ದ ಹೊತ್ತಿನಲ್ಲಿ ಸಿಡ್ನಿ, ಮೆಲ್ಬರ್ನ್ ಹೊರವಲಯದ ಲಕ್ಷಾಂತರ ಜನರ ಮನೆಗೆ ಒಳಚರಂಡಿಯೇ ಇರಲಿಲ್ಲ. ಗೋಡೆಗೆ ಗುಲಾಬಿ ಬಣ್ಣ ಬಳಿದದ್ದು ಸರಿಯೇ ಎಂಬ ಚರ್ಚೆಗೆ ಪುಟಗಟ್ಟಲೆ ಜಾಗವಿತ್ತು, ಹಿತ್ತಿಲ ಪಾಯಿಖಾನೆಗೆ ಇರಲಿಲ್ಲ. ಅದನ್ನು ರಾಷ್ಟ್ರದ ರಾಜಕೀಯಕ್ಕೆ ಎಳೆದು ತಂದವರು ಲೇಬರ್ ಪಕ್ಷದ ನಾಯಕ ಗಾಫ್ ವಿಟ್ಲಮ್. ಸಿಡ್ನಿಯ ಹೊರವಲಯದಲ್ಲೇ ಮನೆ ಮಾಡಿಕೊಂಡಿದ್ದ ಅವರು 1972ರ ನವೆಂಬರಿನಲ್ಲಿ ಚುನಾವಣಾ ಭಾಷಣಕ್ಕೆ ಆರಿಸಿಕೊಂಡದ್ದು ಅಲ್ಲಿನದೇ ಬ್ಲ್ಯಾಕ್‌ಟೌನ್ ಬಡಾವಣೆಯನ್ನು. ಗೆದ್ದು ಪ್ರಧಾನಿಯಾದ ಮೇಲೆ ನಗರಾಭಿವೃದ್ಧಿಗೆಂದೇ ಇಲಾಖೆ ತೆರೆದು, ಸಚಿವ ಟಾಮ್ ಯುರೆನ್ ಕೈಗೆ ಕೊಟ್ಟು, ಒಳಚರಂಡಿಗೆ ಕೇಂದ್ರದ ಹಣ ಹರಿಸಿದರು. ಬಡಾವಣೆಯ ವಿಮರ್ಶೆ ಎಂದರೆ ನನ್ನ ಪ್ರಕಾರ ಇದು.

ಈಗ ಟಾರ್ನೀಟಿಗೆ ಬನ್ನಿ. ಈ ಶತಮಾನದ ಆರಂಭದಲ್ಲಿ ಬಹುಪಾಲು ಹೊಲ, ಹುಲ್ಲುಗಾವಲಾಗಿದ್ದ ಜಾಗ. 2021ರ ಜನಗಣತಿಯಲ್ಲಿ 56 ಸಾವಿರಕ್ಕೂ ಹೆಚ್ಚು ಜನ. ಅಲ್ಲಿ ಇಂಗ್ಲಿಷ್ ಬಿಟ್ಟರೆ ಮನೆಗಳಲ್ಲಿ ಹೆಚ್ಚು ಕೇಳುವುದು ಪಂಜಾಬಿ. ಹಗಲು ಹನ್ನೊಂದಕ್ಕೆ ಕಾರಿನಲ್ಲಿ ಒಂದು ಸುತ್ತು ಹೊಡೆದವರಿಗೆ ಬೀದಿ ಖಾಲಿ ಕಾಣುತ್ತದೆ, ನಿಜ. ದುಡಿಯುವವರು ನಸುಕಿನಲ್ಲೇ ಹೊರಟಿರುತ್ತಾರೆ. ಆದರೆ ಸಂಜೆ ಹಳ್ಳದ ದಂಡೆಯ ಕಾಲುದಾರಿಯಲ್ಲಿ ನೋಡಬೇಕು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗನ ಹಳೆಯ ಸ್ಪೋರ್ಟ್ಸ್ ಶೂ, ಕೈಯಲ್ಲಿ ಮೊಮ್ಮಗುವಿನ ಗಾಡಿ. ವೀಸಾ ಮೇಲೆ ಬಂದ ಅಜ್ಜಿಯರ ದಂಡು. ಪಂಜಾಬಿ ಅಜ್ಜಿಗೂ ತೆಲುಗು ಅಜ್ಜಿಗೂ ನಡುವೆ ಹಿಂದಿ ಅರ್ಧ, ಕೈಸನ್ನೆ ಅರ್ಧ. ಇನ್ನು ಬಡಾವಣೆಯ ಪಾಪವೆಲ್ಲ ಹೊತ್ತ ಆ ಗ್ಯಾರೇಜು: ಗಣೇಶನ ಹಬ್ಬದ ದಿನ ಕಾರು ಬೀದಿಗೆ ಬರುತ್ತದೆ, ಕಾಂಕ್ರೀಟ್ ನೆಲಕ್ಕೆ ಜಮಖಾನ ಬೀಳುತ್ತದೆ, ಗೋಡೆಗೆ ನೇತುಹಾಕಿದ ಸೈಕಲ್ಲುಗಳ ಕೆಳಗೆ ಮಂಟಪ ಏಳುತ್ತದೆ. ಚಳಿಗೆ ಸಾಯದಿರಲೆಂದು ಕರಿಬೇವಿನ ಕುಂಡವೂ ಅಲ್ಲೇ ಮೂಲೆಯಲ್ಲಿ. ಕಾರಿಗೆಂದು ಕಟ್ಟಿದ ಕೋಣೆಯನ್ನು ಜನ ಪಡಸಾಲೆ ಮಾಡಿಕೊಂಡಿದ್ದಾರೆ. ಇದಕ್ಕೆ ‘ಆತ್ಮವಿಲ್ಲ’ ಎನ್ನುವವರ ಮನೆಯ ಪಡಸಾಲೆಗೆ ಇಷ್ಟು ಜನ ಬರುತ್ತಾರೋ ಇಲ್ಲವೋ.

ಜಾಗ ನುಂಗುವ ಬಡಾವಣೆ ಎಂಬ ಇನ್ನೊಂದು ಆರೋಪವಿದೆ. ತಮಾಷೆಯೆಂದರೆ, ಇಲ್ಲಿನ ಹೊಸ ಸೈಟುಗಳು ಬಹುಪಾಲು 300-400 ಚದರ ಮೀಟರಿನವು. ಆರೋಪ ಮಾಡುವವರಲ್ಲಿ ಎಷ್ಟೋ ಮಂದಿ ಇರುವುದು ಅದರ ಎರಡು ಪಟ್ಟಿನ ಹಳೆಯ ಸೈಟುಗಳಲ್ಲಿ. ಇಂದು ಕಾಫಿ ಅಂಗಡಿಗಳಿಗೆ ಹೆಸರಾದ, ಮೆಲ್ಬರ್ನ್ ನಗರಕೇಂದ್ರದ ಪಕ್ಕದ ಫಿಟ್ಜ್‌ರಾಯ್ 1930ರ ದಶಕದಲ್ಲಿ ನೆಲಸಮ ಮಾಡಬೇಕಾದ ಕೊಳೆಗೇರಿಯ ಉದಾಹರಣೆಯಾಗಿತ್ತು ಎನ್ನುವುದೂ ಇವರಿಗೆ ನೆನಪಿರುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಕೆಲಸಗಳ ಸರದಿಯಲ್ಲಿ. ಮನೆ ಮೊದಲು, ಮಿಕ್ಕದ್ದು ಆಮೇಲೆ. ಟಾರ್ನೀಟಿಗೆ ರೈಲು ನಿಲ್ದಾಣ ಬಂದದ್ದು 2015ರ ಜೂನಿನಲ್ಲಿ. ಅದೂ ನಗರದ ವಿದ್ಯುತ್ ರೈಲಲ್ಲ. ಜೀಲಾಂಗ್ ಕಡೆಯಿಂದ ಬರುವ ವಿ-ಲೈನ್ ಡೀಸೆಲ್ ಗಾಡಿ. ದೂರದೂರಿನವರಿಗೆಂದು ಮಾಡಿದ ಗಾಡಿಗೆ ನಗರದ ದಿನನಿತ್ಯದ ಜನಸಾಗರ ಹತ್ತಬೇಕು. ಬೆಳಿಗ್ಗೆ ಬಾಗಿಲು ತೆರೆದಾಗ ಒಳಗೆ ಆಗಲೇ ಜನ ನಿಂತಿರುತ್ತಾರೆ. ಈ ಮಾರ್ಗವನ್ನು ವಿದ್ಯುದೀಕರಿಸುವ ಮಾತು 2018ರಲ್ಲಿ ಚುನಾವಣೆಗೆ ಮುಂಚೆ ಕೇಳಿಬಂತು. ತಂತಿ ಎಳೆಯುವ ಕೆಲಸ ಮಾತ್ರ ಆಗಲಿಲ್ಲ.

ಬಡಾವಣೆ ಹುಲ್ಲುಗಾವಲನ್ನು ನುಂಗಿತು ಎಂದು ಬೈಯುವವರಿಗೆ ಮಾತ್ರ ನಾನು ಪೂರ್ತಿ ಸೋಲುತ್ತೇನೆ. ಜ್ವಾಲಾಮುಖಿ ಕಲ್ಲಿನ ಈ ಬಯಲಿನ ಸ್ಥಳೀಯ ಹುಲ್ಲುಗಾವಲು ಬಹುತೇಕ ಹೋಗಿಯೇಬಿಟ್ಟಿದೆ. ನಗರದ ಗಡಿ ವಿಸ್ತರಿಸಿದ 2010ರಲ್ಲಿ ವಿಕ್ಟೋರಿಯಾ ರಾಜ್ಯ ಸರ್ಕಾರ ಅದಕ್ಕೆ ಬದಲಾಗಿ 15,000 ಹೆಕ್ಟೇರ್ ಮೀಸಲು ಹುಲ್ಲುಗಾವಲು ಕೊಡುತ್ತೇನೆಂದಿತು, 2020ರ ಗಡುವನ್ನೂ ಹಾಕಿಕೊಂಡಿತು. ಗಡುವಿನ ವರ್ಷ ರಾಜ್ಯದ ಮಹಾಲೇಖಪಾಲರು ಲೆಕ್ಕ ತೆಗೆದಾಗ ಕೊಂಡದ್ದು ಹತ್ತರಲ್ಲಿ ಒಂದು ಪಾಲು. ಮನೆಯವರ ಅಭಿರುಚಿಗೂ ಇದಕ್ಕೂ ಏನು ಸಂಬಂಧ? ಇಲ್ಲೂ ಅದೇ ಸರದಿ: ಮನೆ ಇವತ್ತು, ಹುಲ್ಲು ನಾಳೆ.

ಸರದಿ ಬದಲಿಸಲು ಹಣ ಎಲ್ಲಿಂದ ಎನ್ನುವಿರಾ? ಕುರಿ ಮೇಯುತ್ತಿದ್ದ ಜಮೀನು ನಗರದ ಗಡಿಯೊಳಗೆ ಬಂತೆಂದರೆ ಬೆಲೆ ಹಾರುತ್ತದೆ. ಆ ಏರಿಕೆಗೆ ಮಾಲೀಕ ಒಂದು ಸಸಿಯನ್ನೂ ನೆಟ್ಟಿರುವುದಿಲ್ಲ. ಇದರಲ್ಲಿ ಸಾರ್ವಜನಿಕ ಪಾಲು ಪಡೆಯಲೆಂದೇ ವಿಕ್ಟೋರಿಯಾದಲ್ಲಿ 2010ರಿಂದ ಮೂಲಸೌಕರ್ಯ ವಂತಿಗೆಯೊಂದಿದೆ. ವಿಮರ್ಶಕರು ಚಾವಣಿ ಬಿಟ್ಟು ಆ ವಂತಿಗೆ ಸಾಕೇ, ಯಾವಾಗ ಎಲ್ಲಿ ಖರ್ಚಾಗುತ್ತದೆ ಎಂದು ಕೆದಕಲಿ. ಸೌಕರ್ಯ ಮೊದಲೇ ಬಂದರೆ ಸೈಟಿನ ಬೆಲೆ ಏರಿ ಬಡವರಿಗೆ ಎಟುಕದು ಎಂಬ ಪ್ರತಿವಾದ ಸಿದ್ಧವಾಗಿಯೇ ಇರುತ್ತದೆ. ಆದರೆ ಟಾರ್ನೀಟಿನವರು ಆ ಹಣವನ್ನು ಈಗಲೂ ಕಟ್ಟುತ್ತಲೇ ಇದ್ದಾರೆ, ಎರಡನೇ ಕಾರಿನ ಕಂತಿನಲ್ಲಿ, ಪೆಟ್ರೋಲಿನಲ್ಲಿ, ಟೋಲಿನಲ್ಲಿ. ಮಾರಾಟಗಾರನ ಬಣ್ಣದ ಕರಪತ್ರದಲ್ಲಿ ಅದನ್ನು ಅಚ್ಚು ಹಾಕಿರುವುದಿಲ್ಲ, ಅಷ್ಟೇ.