ಚಂದಾದಾರನೂ ನೋಡುಗನೂ: ಕಲಾವಿದರ ಸ್ವಂತ ದೃಶ್ಯವೇದಿಕೆಗಳನ್ನು ಕುರಿತು ಒಂದು ವಿಚಾರ

೧

ಕೃತಿಯೊಂದಕ್ಕೆ ಹಣ ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ಚರಿತ್ರಕಾರನಿಗೆ ಬಿಟ್ಟುಕೊಟ್ಟಿದೆ. ಆಶ್ರಯದಾತನ ಹೆಸರು, ವಂಶ, ಕಾಲ ಇವು ಪೀಠಿಕೆಯಲ್ಲಿ ಬಂದು ಹೋಗುತ್ತವೆ. ಗುಣದೋಷಗಳ ವಿವೇಚನೆಯಲ್ಲಿ ಅವುಗಳಿಗೆ ಎಡೆಯಿರುವುದಿಲ್ಲ. ಆದರೆ ಕೃತಿಯು ಯಾರ ವೆಚ್ಚದಿಂದ, ಯಾವ ಮಾರ್ಗವಾಗಿ ಸಹೃದಯನನ್ನು ಮುಟ್ಟುವುದೋ ಆ ಮಾರ್ಗವು ಕೃತಿಯ ಆಕಾರವನ್ನೂ ತಿದ್ದುತ್ತದೆ ಎಂಬುದಕ್ಕೆ ಮುಧೋಳದ ರನ್ನನೇ ಸಾಕ್ಷಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಕೀರ್ತಿಗೊಂಡ ಅತ್ತಿಮಬ್ಬೆಯ ಆಶ್ರಯದಲ್ಲಿ ಅವನು ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದನು; ಅಲ್ಲಿ ನಾಯಕನು ತೀರ್ಥಂಕರ. ಚಾಲುಕ್ಯರ ಆಸ್ಥಾನಕ್ಕಾಗಿ ಗದಾಯುದ್ಧವನ್ನು ಬರೆದಾಗ ಅವನು ಭೀಮನಲ್ಲಿ ತನ್ನ ಒಡೆಯನಾದ ಸತ್ಯಾಶ್ರಯನನ್ನು ಕಂಡನು. ಕವಿ ಒಬ್ಬನೇ, ಪ್ರತಿಭೆ ಒಂದೇ. ಆಶ್ರಯ ಬೇರೆಯಾದಂತೆ ನಾಯಕನೂ ಬೇರೆಯಾದನು. ಇದರಿಂದ ರನ್ನನ ಕಾವ್ಯಶಕ್ತಿಗೆ ಕುಂದೇನೂ ಇಲ್ಲ. ಆಶ್ರಯವು ಕೃತಿಯ ಹೊರಗಿನ ಸಂಗತಿ ಮಾತ್ರವಲ್ಲವೆಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಇಂದು ದೃಶ್ಯಕಲೆಯ ವಿಷಯದಲ್ಲಿ ಈ ಪ್ರಶ್ನೆ ಮತ್ತೆ ಎದ್ದಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಆಡುನುಡಿಯಲ್ಲಿ ಹುಟ್ಟುವ ಹಾಡು, ಹಾಸ್ಯಪ್ರಸಂಗ, ಆಟದ ತುಣುಕು ಇವೆಲ್ಲ ಈಗ ಬಹುಮಟ್ಟಿಗೆ ಯೂಟ್ಯೂಬಿನ ಮೂಲಕವೇ ಜನರನ್ನು ಮುಟ್ಟುತ್ತಿವೆ. ಇಂಥ ದೊಡ್ಡ ತಾಣಗಳಿಗೆ ಬದಲಾಗಿ ಕಲಾವಿದರೇ ನಡೆಯಿಸುವ, ನೋಡುಗರ ಚಂದಾ ಹಣದಿಂದ ಬದುಕುವ ವೇದಿಕೆಗಳು ಅನ್ಯದೇಶಗಳಲ್ಲಿ ಬೆಳೆದಿವೆ. ಕನ್ನಡದಲ್ಲಿಯೂ ಆ ದಿಕ್ಕಿನ ಕೆಲವು ಯತ್ನಗಳಾಗಿವೆ. ಇವು ಕಲಾವಿದನಿಗೆ ಬಿಡುಗಡೆಯನ್ನು ತರುವವೇ, ಅಥವಾ ಒಡೆಯನನ್ನು ಬದಲಿಸುವವೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮೊದಲು ದೊಡ್ಡ ತಾಣದ ಉಪಕಾರವನ್ನು ಒಪ್ಪಿಕೊಳ್ಳಬೇಕು. ೨೦೦೫ರಲ್ಲಿ ಪ್ರಾರಂಭವಾದ ಯೂಟ್ಯೂಬ್ ಮರುವರ್ಷವೇ ಗೂಗಲ್ ಸಂಸ್ಥೆಯ ವಶಕ್ಕೆ ಬಂದಿತು; ೨೦೦೭ರಿಂದ ಜಾಹೀರಾತಿನ ಆದಾಯದಲ್ಲಿ ಕಲಾವಿದರಿಗೂ ಪಾಲು ಕೊಡಲಾರಂಭಿಸಿತು. ಬೀಳಗಿಯ ಹಾಡುಗಾರನು ಬೆಂಗಳೂರಿನ ಯಾವ ನಿರ್ಮಾಪಕನ ಬಾಗಿಲನ್ನೂ ಕಾಯಬೇಕಾಗಿಲ್ಲ. ತನ್ನ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಿಕೊಳ್ಳಬೇಕಾಗಿಲ್ಲ. ಬಹುಕಾಲ ಚಲನಚಿತ್ರದಲ್ಲಿ ನಗೆಪಾತ್ರದ ವೇಷವಾಗಿದ್ದ ಉತ್ತರ ಕರ್ನಾಟಕದ ನುಡಿ ಇಲ್ಲಿ ತನ್ನವರೊಡನೆ ತಾನೇ ಮಾತನಾಡುವಂತಾಯಿತು. ಇದು ಸಣ್ಣ ಲಾಭವಲ್ಲ.

ಆದರೆ ಆ ತಾಣದಲ್ಲಿ ಹಣ ಕೊಡುವವನು ನೋಡುಗನಲ್ಲ, ಜಾಹೀರಾತುದಾರ. ಸಾಮಾನ್ಯ ದೃಶ್ಯಗಳಿಂದ ಬರುವ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ ೫೫ರ ಪಾಲು ಕಲಾವಿದನದು. ಆ ಪಾಲಿಗೆ ಅರ್ಹನಾಗಲು ಅವನಿಗೆ ೧,೦೦೦ ಜನ ಸಬ್‌ಸ್ಕ್ರೈಬರುಗಳೂ ಒಂದು ವರ್ಷದೊಳಗೆ ೪,೦೦೦ ಗಂಟೆಗಳ ವೀಕ್ಷಣೆಯೂ ಬೇಕು. ಕಿರುದೃಶ್ಯಗಳನ್ನೇ ನಂಬಿದವನಿಗೆ ತೊಂಬತ್ತು ದಿನಗಳಲ್ಲಿ ಒಂದು ಕೋಟಿ ವೀಕ್ಷಣೆಗಳಾಗಬೇಕು. ಇಲ್ಲಿ ಪದವೊಂದರ ಅರ್ಥ ಸವೆದಿರುವುದನ್ನು ಗಮನಿಸಬೇಕು. ಸಬ್‌ಸ್ಕ್ರೈಬರ್ ಎಂದರೆ ಚಂದಾದಾರ. ಆದರೆ ಈ ಚಂದಾದಾರನು ಚಂದಾ ಕೊಟ್ಟವನಲ್ಲ. ಒಂದು ಗುಂಡಿಯನ್ನು ಒತ್ತಿ ಮುಂದೆ ಹೋದವನು. ಅವನ ಹೆಸರು ಕಲಾವಿದನಿಗೆ ತಿಳಿಯದು, ಅವನು ಯಾವ ಮಾತನ್ನೂ ಕೊಟ್ಟಿಲ್ಲ, ನಾಳೆ ಅವನ ಮುಂದೆ ಯಾವ ದೃಶ್ಯ ಬರಬೇಕೆಂಬುದನ್ನು ನಿರ್ಧರಿಸುವವನು ಕಲಾವಿದನೂ ಅಲ್ಲ, ಅವನೂ ಅಲ್ಲ.

ಇದರ ಪರಿಣಾಮ ಕೃತಿಯ ರಚನೆಯ ಮೇಲೆ ಹೇಗಾಗುವುದೆಂಬುದನ್ನು ಶ್ರೀಕೃಷ್ಣ ಪಾರಿಜಾತದ ನಿದರ್ಶನದಿಂದ ತಿಳಿಯಬಹುದು. ಅಪರಾಳ ತಮ್ಮಣ್ಣನಿಂದ ಮೊದಲುಗೊಂಡು ಕುಲಗೋಡ ತಮ್ಮಣ್ಣನ ಕೈಯಲ್ಲಿ ವಿಸ್ತಾರವಾದ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಹೆಸರಾದ ಈ ಆಟ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸ್ವತ್ತು. ನಾರದನು ತಂದ ಪಾರಿಜಾತದ ಹೂವು ರುಕ್ಮಿಣಿಗೆ ಸಂದಿತೆಂಬ ಸಣ್ಣ ಸಂಗತಿಯಿಂದ ಸತ್ಯಭಾಮೆಯ ಸಿಟ್ಟು ಹುಟ್ಟಿ, ಗರ್ವವಾಗಿ ಬೆಳೆದು, ಕೊನೆಗೆ ಕರಗುವುದಕ್ಕೆ ಇಡೀ ರಾತ್ರಿ ಬೇಕು. ನಡುನಡುವೆ ಭಾಗವತನು ಪಾತ್ರಗಳೊಡನೆ ನಡೆಸುವ ಚೇಷ್ಟೆಯ ಮಾತು, ಕೊರವಂಜಿಯ ಪ್ರಸಂಗ ಇವು ಆ ದೀರ್ಘ ಗತಿಗೆ ವಿಶ್ರಾಂತಿಸ್ಥಾನಗಳು. ಅಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಹಾಸ್ಯವು ಇಲ್ಲಿ ಅಂಗ, ಶೃಂಗಾರವು ಅಂಗಿ. ಈ ಆಟವನ್ನು ಹತ್ತು ನಿಮಿಷದ ತುಂಡುಗಳಾಗಿ ಕತ್ತರಿಸಿ ತಾಣದಲ್ಲಿಟ್ಟರೆ ಹೆಚ್ಚು ನೋಟಗಳನ್ನು ಗಳಿಸುವುದು ನಗೆಯ ತುಂಡೇ ಹೊರತು ಸತ್ಯಭಾಮೆಯ ಮೌನವಲ್ಲ. ಮೊದಲ ಕೆಲವು ಕ್ಷಣಗಳಲ್ಲಿಯೇ ನೋಡುಗನನ್ನು ಹಿಡಿಯದ ದೃಶ್ಯಕ್ಕೆ ಅಲ್ಲಿ ಆಯುಸ್ಸು ಕಡಮೆ. ಹೀಗೆ ಅಂಗವಾಗಿದ್ದದ್ದು ಅಂಗಿಯಾಗುತ್ತದೆ. ಕಲಾವಿದನೂ ಮುಂದೆ ಅದನ್ನೇ ಬರೆಯಲು, ಆಡಲು ತೊಡಗುತ್ತಾನೆ. ನಮ್ಮ ನುಡಿಯ ಕಿರುಚಿತ್ರಗಳಲ್ಲಿ ಹಾಸ್ಯವೊಂದೇ ರಸವಾಗಿ ಉಳಿದಿರುವುದಕ್ಕೆ ಕಲಾವಿದರ ಪ್ರತಿಭಾದಾರಿದ್ರ್ಯ ಕಾರಣವಲ್ಲ. ಎಣಿಕೆಯ ಕ್ರಮವೇ ಕಾರಣ.

೩

ಇದಕ್ಕೆ ಪ್ರತಿಯಾಗಿ ಹುಟ್ಟಿದ ವೇದಿಕೆಗಳನ್ನು ಇನ್ನು ನೋಡೋಣ. ೨೦೧೩ರಲ್ಲಿ ಅಮೆರಿಕದ ಸಂಗೀತಗಾರ ಜ್ಯಾಕ್ ಕಾಂಟೆ ಎಂಬಾತ ಸ್ಯಾಮ್ ಯಾಮ್ ಎಂಬಾತನೊಡನೆ ಕೂಡಿ ಪೇಟ್ರಿಯಾನ್ ಎಂಬ ಸಂಸ್ಥೆಯನ್ನು ಆರಂಭಿಸಿದನು. ಮೆಚ್ಚಿದವರು ತಿಂಗಳಿಗೆ ಇಷ್ಟೆಂದು ನೇರವಾಗಿ ಕಲಾವಿದನಿಗೆ ಕೊಡುವ ವ್ಯವಸ್ಥೆಯದು. ೨೦೧೮ರಲ್ಲಿ ಕಾಲೇಜ್‌ಹ್ಯೂಮರ್ ಎಂಬ ಹಾಸ್ಯತಂಡವು ಡ್ರಾಪ್‌ಔಟ್ ಎಂಬ ಚಂದಾ ವೇದಿಕೆಯನ್ನು ತೆರೆಯಿತು. ೨೦೨೦ರಲ್ಲಿ ಮೂಲಸಂಸ್ಥೆ ಕೈಬಿಟ್ಟಾಗ ತಂಡದವನೇ ಆದ ಸ್ಯಾಮ್ ರೈಶ್ ಅದನ್ನು ಕೊಂಡು ಉಳಿಸಿ ಬೆಳೆಸಿದನು. ೨೦೧೯ರಲ್ಲಿ ಹಲವು ಯೂಟ್ಯೂಬ್ ಲೇಖಕರು ಕೂಡಿ ನೆಬ್ಯುಲಾ ಎಂಬುದನ್ನು ಪ್ರಾರಂಭಿಸಿದರು.

ಇವುಗಳಲ್ಲಿ ಎರಡು ಸಂಗತಿಗಳು ವಿಚಾರಾರ್ಹ. ಮೊದಲನೆಯದಾಗಿ, ಇವು ಯಾವುವೂ ದೊಡ್ಡ ತಾಣವನ್ನು ಬಿಟ್ಟು ನಿಂತಿಲ್ಲ. ನೆಬ್ಯುಲಾದ ಲೇಖಕರು ಯೂಟ್ಯೂಬಿನಲ್ಲಿಯೂ ಇದ್ದಾರೆ. ಡ್ರಾಪ್‌ಔಟಿನ ತುಣುಕುಗಳು ದೊಡ್ಡ ತಾಣಗಳಲ್ಲಿ ಹರಿದಾಡಿಯೇ ಹೊಸ ಚಂದಾದಾರರನ್ನು ಕರೆತರುತ್ತವೆ. ಸಂತೆಯಲ್ಲಿ ಕೂಗಿ ಮನೆಗೆ ಗಿರಾಕಿಯನ್ನು ಕರೆತರುವ ಕ್ರಮವಿದು. ಸಂತೆಯ ಒಡೆಯನು ಕೂಗಬಾರದೆಂದರೆ ಮನೆಯ ವ್ಯಾಪಾರವೂ ಕುಗ್ಗುತ್ತದೆ. ಎರಡನೆಯದಾಗಿ, ನೆಬ್ಯುಲಾ ತನ್ನ ಲೇಖಕರಿಗೆ ಲಾಭವನ್ನು ಹಂಚುವಾಗ ಯಾರ ದೃಶ್ಯವನ್ನು ಎಷ್ಟು ಹೊತ್ತು ನೋಡಲಾಯಿತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮವನ್ನಿಟ್ಟುಕೊಂಡಿತು. ಜಾಹೀರಾತು ಹೋಯಿತು, ನಿಮಿಷದ ಎಣಿಕೆ ಉಳಿಯಿತು. ಒಡೆತನ ಬದಲಾದ ಮಾತ್ರಕ್ಕೆ ಮಾನದಂಡ ಬದಲಾಗುವುದಿಲ್ಲ.

ಕನ್ನಡದ ಯತ್ನಗಳಲ್ಲಿ ಎರಡು ಮುಖ್ಯವಾದವು. ಪವನ್ ಕುಮಾರರು ತಮ್ಮ ಲೂಸಿಯಾ ಚಿತ್ರಕ್ಕೆ ನಿರ್ಮಾಪಕರು ದೊರೆಯದಿರಲು ೨೦೧೨ರಲ್ಲಿ ನೇರವಾಗಿ ಪ್ರೇಕ್ಷಕರನ್ನೇ ಕೇಳಿ ಸುಮಾರು ಐವತ್ತು ಲಕ್ಷ ರೂಪಾಯಿಗಳನ್ನು ಕೂಡಿಸಿದರು. ಚಿತ್ರ ೨೦೧೩ರಲ್ಲಿ ತೆರೆಕಂಡಿತು. ಕಥೆ ಕಾಣುವ ಮೊದಲೇ ಜನ ಹಣ ಕೊಟ್ಟರೆಂಬುದು ಇಲ್ಲಿನ ವಿಶೇಷ. ಎರಡನೆಯದು ಏಕಂ. ಕರಾವಳಿಯ ಬದುಕನ್ನು ಕುರಿತ ಏಳು ಕಥೆಗಳ ಈ ಮಾಲಿಕೆಯನ್ನು ಸುಮಂತ್ ಭಟ್ ಮತ್ತು ಸಂದೀಪ್ ಪಿ. ಎಸ್. ರೂಪಿಸಿದರು, ರಕ್ಷಿತ್ ಶೆಟ್ಟಿಯವರ ಸಂಸ್ಥೆ ಬೆಂಬಲವಿತ್ತಿತು. ದೊಡ್ಡ ಚಂದಾ ವೇದಿಕೆಗಳು ಅದನ್ನು ಕೊಳ್ಳಲು ಮುಂದಾಗಲಿಲ್ಲ. ಕೊನೆಗೆ ೨೦೨೪ರ ಜುಲೈ ೧೩ರಂದು ಅದಕ್ಕಾಗಿಯೇ ಕಟ್ಟಿದ ಪ್ರತ್ಯೇಕ ತಾಣದಲ್ಲಿ, ೧೪೯ ರೂಪಾಯಿಗಳ ಬೆಲೆಗೆ, ಅದನ್ನು ನೋಡುಗರಿಗೆ ಒಪ್ಪಿಸಲಾಯಿತು.

ಏಕಂ ಪ್ರಯತ್ನ ಗೌರವಾರ್ಹ. ಸಾವಧಾನವಾದ ನಿರೂಪಣೆಗೆ, ಪ್ರಾದೇಶಿಕ ನುಡಿಗೆ ಬೆಲೆ ಕೊಟ್ಟು ಕೊಳ್ಳುವವರಿದ್ದಾರೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಆದರೆ ಕಟ್ಟುನಿಟ್ಟಾಗಿ ಹೇಳಿದರೆ ಅದು ಮಾರಾಟವೇ ಹೊರತು ಚಂದಾ ಅಲ್ಲ. ಒಂದು ಕೃತಿಗಾಗಿ ಒಂದು ಅಂಗಡಿ ತೆರೆಯಿತು. ಕೊಂಡವನು ನೋಡಿ ಮುಗಿಸಿದ ಮೇಲೆ ಅವನಿಗೂ ತಾಣಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗೆ ಉತ್ತರ ಹುಟ್ಟಬೇಕಾದರೆ ಆ ಬಾಗಿಲಿನಿಂದ ಎರಡನೆಯ ಕೃತಿ, ಮೂರನೆಯ ಕೃತಿ ಬರಬೇಕು.

೪

ಚಂದಾ ಎಂಬುದರ ತಿರುಳೇನೆಂಬುದನ್ನು ತಿಳಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ೧೯೦೭ರಲ್ಲಿ ಅಗಡಿಯಿಂದ ಹೊರಟ ಸದ್ಬೋಧ ಚಂದ್ರಿಕೆಯ ಮೂಲಕ ಗಳಗನಾಥರು ತಮ್ಮ ಕಾದಂಬರಿಗಳನ್ನು ಓದುಗರಿಗೆ ಮುಟ್ಟಿಸಿದರು. ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿದರು. ಕರ್ತೃವೂ ವಿತರಕನೂ ಒಬ್ಬನೇ ಆಗಿದ್ದ ಕಾಲವದು. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆ ಇದನ್ನು ಒಂದು ವ್ಯವಸ್ಥೆಯನ್ನಾಗಿ ಮಾಡಿತು. ಚಂದಾ ಕೊಟ್ಟವನಿಗೆ ಮುಂದೆ ಬರುವ ಪುಸ್ತಕಗಳು ದೊರೆಯುವವು. ಆ ಪುಸ್ತಕಗಳು ಯಾವುವು ಎಂಬುದನ್ನು ಆರಿಸುವವನು ಓದುಗನಲ್ಲ, ಸಂಪಾದಕ. ಓದುಗನು ಕೊಂಡದ್ದು ಪುಸ್ತಕವನ್ನಲ್ಲ. ಆಯ್ಕೆಯ ಮೇಲಣ ವಿಶ್ವಾಸವನ್ನು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಆ ಸಂಸ್ಥೆಗೆ ಒದಗಿದ್ದು ಆಕಸ್ಮಿಕವಲ್ಲ. ಅದರ ಚಂದಾ ವ್ಯವಸ್ಥೆಗೇ ವಿಮರ್ಶಕನು ಬೇಕಾಗಿದ್ದನು. ಇನ್ನೂ ಇಪ್ಪತ್ತಮೂರರ ವಯಸ್ಸಿನ, ಹೆಸರಾಗದ ಗಿರೀಶ ಕಾರ್ನಾಡರ ಯಯಾತಿ ೧೯೬೧ರಲ್ಲಿ ಬೆಳಕು ಕಂಡದ್ದು ಇಂಥ ವಿಶ್ವಾಸದ ಬಲದಿಂದ. ಮೊದಲೇ ನೋಟಗಳನ್ನು ಎಣಿಸಿ ಅನಂತರ ಪಾಲು ಕೊಡುವ ಪದ್ಧತಿಯಲ್ಲಿ ಅಂಥ ನಾಟಕಕ್ಕೆ ದಾರಿಯಿರುತ್ತಿರಲಿಲ್ಲ.

ಆದುದರಿಂದ ಚಂದಾ ಎಂದರೆ ಇನ್ನೂ ಕಾಣದ ಕೃತಿಗೆ ಕೊಟ್ಟ ಮಾತು. ಈ ದೃಷ್ಟಿಯಿಂದ ನೋಡಿದರೆ ಲೂಸಿಯಾದಲ್ಲಿ ಮಾತು ಇತ್ತು, ಮುಂದುವರಿಕೆ ಇರಲಿಲ್ಲ. ಏಕಂನಲ್ಲಿ ಸ್ವಂತ ಬಾಗಿಲು ಇತ್ತು, ಮಾತು ಇರಲಿಲ್ಲ. ನೆಬ್ಯುಲಾದಲ್ಲಿ ಇವೆರಡೂ ಇದ್ದು, ಹಂಚಿಕೆಯ ಮಾನದಂಡ ಮಾತ್ರ ಹಳೆಯದಾಗಿ ಉಳಿಯಿತು. ಆಯ್ಕೆಯ ಹೊಣೆ ಹೊತ್ತ ಸಂಪಾದಕನಿಲ್ಲದ ವೇದಿಕೆ, ಅದು ಕಲಾವಿದರದೇ ಆಗಿದ್ದರೂ, ಇನ್ನೊಂದು ಉಗ್ರಾಣವಾದೀತೇ ಹೊರತು ಪರ್ಯಾಯವಾಗಲಾರದು.

೫

ಇಲ್ಲಿ ಒಂದು ಬಲವಾದ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಪಾರಿಜಾತವನ್ನು ಊರೆಲ್ಲ ಕುಳಿತು ನೋಡುತ್ತಿತ್ತು; ಚಂದಾ ವೇದಿಕೆಯಾದರೋ ಹಣವಿಲ್ಲದವನಿಗೆ ಬಾಗಿಲು ಮುಚ್ಚುತ್ತದೆ. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವವನಿಗೆ, ಬನಹಟ್ಟಿಯ ಮಗ್ಗದ ಮುಂದೆ ಕುಳಿತವನಿಗೆ ಯೂಟ್ಯೂಬ್ ಉಚಿತವಾಗಿ ದೊರೆಯುತ್ತಿರುವಾಗ ಅವನಿಂದ ಕಲೆಯನ್ನು ಕಸಿದುಕೊಳ್ಳುವುದು ನ್ಯಾಯವೇ? ಈ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಊರಾಟವು ನೋಡುಗನಿಗೆ ಉಚಿತವಾಗಿದ್ದರೂ ವೆಚ್ಚವಿಲ್ಲದ್ದಾಗಿರಲಿಲ್ಲ. ಊರಿನವರು ಪಟ್ಟಿ ಕೂಡಿಸಿ ಮೇಳವನ್ನು ಕರೆಯಿಸುವರು; ಉಳ್ಳವನು ಹೆಚ್ಚು ಕೊಟ್ಟನು, ಇಲ್ಲದವನು ಕೊಡಲಿಲ್ಲ, ಇಬ್ಬರೂ ಒಂದೇ ಬಯಲಿನಲ್ಲಿ ಕುಳಿತರು. ಪಟ್ಟಿಯು ಟಿಕೇಟಲ್ಲ. ಟಿಕೇಟು ಕೊಡದವನನ್ನು ಹೊರಗಿಡುತ್ತದೆ. ಪಟ್ಟಿಯು ಕೊಟ್ಟವನನ್ನು ಆಟದ ಹೊಣೆಗಾರನನ್ನಾಗಿ ಮಾಡುತ್ತದೆ. ಪೇಟ್ರಿಯಾನಿನ ಕ್ರಮದಲ್ಲಿ, ಕೃತಿಯನ್ನು ಎಲ್ಲರಿಗೂ ತೆರೆದಿಟ್ಟು ಕೆಲವರು ವೆಚ್ಚ ಹೊರುವುದಕ್ಕೆ ಅವಕಾಶವಿರುವುದರಿಂದ, ಅದು ನಮ್ಮ ಪಟ್ಟಿಗೇ ಹೆಚ್ಚು ಹತ್ತಿರ. ೨೦೧೬ರಲ್ಲಿ ಬಂದ ಯುಪಿಐ ಪದ್ಧತಿಯಿಂದ ಹತ್ತು ರೂಪಾಯಿಯ ವಂತಿಗೆಯನ್ನೂ ದೂರದಿಂದ ಕೊಡುವುದು ಸಾಧ್ಯವಾಗಿದೆ. ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ಊರಿನವನು ಕೂಡ ಪಟ್ಟಿಯಲ್ಲಿ ಹೆಸರು ಬರೆಯಿಸಬಲ್ಲನು.

ಇನ್ನೊಂದು ಎಚ್ಚರಿಕೆಯನ್ನು ರಬಕವಿ-ಬನಹಟ್ಟಿಯ ನೇಕಾರಿಕೆಯಿಂದಲೇ ಕಲಿಯಬಹುದು. ಮಗ್ಗವು ನೇಕಾರನದಾದರೂ ನೂಲು ಸಾಹುಕಾರನದಾಗಿ, ನೇಯ್ದ ಸೀರೆ ಅವನಿಗೇ ಹಿಂದಿರುಗುವಲ್ಲಿ ನೇಕಾರನಿಗೆ ಉಳಿಯುವುದು ಮಜೂರಿ. ಕ್ಯಾಮರಾ, ಸಂಕಲನದ ಉಪಕರಣ, ಕೊನೆಗೆ ಸ್ವಂತ ತಾಣ ಇವೆಲ್ಲ ಮಗ್ಗಗಳು. ಉಪಕರಣದ ಒಡೆತನವೇ ಸ್ವಾತಂತ್ರ್ಯವೆಂದು ಭ್ರಮಿಸಬಾರದು. ಕೃತಿಯನ್ನು ಕೊಳ್ಳುವವನೊಡನೆ ನೇರ ಸಂಬಂಧವಿದ್ದಾಗಲೇ ಆ ಒಡೆತನಕ್ಕೆ ಅರ್ಥ. ಯೂಟ್ಯೂಬ್ ಕೂಡ ೨೦೧೮ರಿಂದ ವಾಹಿನಿಗಳಿಗೆ ಹಣ ಕೊಟ್ಟು ಸದಸ್ಯರಾಗುವ ಅನುಕೂಲವನ್ನು ವಿಸ್ತರಿಸಿದೆ. ಆದರೆ ಅಲ್ಲಿ ಸದಸ್ಯನೂ ಲೆಕ್ಕದ ಪುಸ್ತಕವೂ ತಾಣದ ಮನೆಯಲ್ಲಿಯೇ ಉಳಿಯುತ್ತವೆ.

ಈ ನಾಲ್ಕು ತಾಲೂಕುಗಳ ದೃಶ್ಯಕಲೆಗೆ ಬೇಕಾದದ್ದು ಒಬ್ಬೊಬ್ಬ ಕಲಾವಿದನಿಗೆ ಒಂದೊಂದು ತಾಣವಲ್ಲ. ಹಲವರು ಕೂಡಿದ ಒಂದು ಮಾಲೆ. ವರ್ಷಕ್ಕೆ ನಾಲ್ಕೇ ಕೃತಿಗಳಾದರೂ ಸಾಕು: ಇಡೀ ರಾತ್ರಿಯ ಒಂದು ಪಾರಿಜಾತ ಅಖಂಡವಾಗಿ, ನಗೆಯಲ್ಲದ ಒಂದು ಕಥೆ ಈ ನುಡಿಯಲ್ಲಿ, ನೇಕಾರರ ಬದುಕಿನ ಒಂದು ದಾಖಲೆ, ಹೊಸಬನ ಒಂದು ಪ್ರಯೋಗ. ಹಾಸ್ಯದ ತುಣುಕುಗಳು ದೊಡ್ಡ ತಾಣದಲ್ಲಿ ಡಂಗುರದ ಕೆಲಸ ಮಾಡಲಿ. ಅವುಗಳಿಂದ ಕೂಡಿದ ಜನರಲ್ಲಿ ನೂರಕ್ಕೆ ಒಬ್ಬನು ಪಟ್ಟಿಯಲ್ಲಿ ಹೆಸರು ಬರೆಯಿಸಿದರೂ ಕೆಲಸ ನಡೆದೀತು. ಆ ಮಾಲೆಗೆ ಆಯ್ಕೆಯ ವಿವೇಕವನ್ನು ಒದಗಿಸುವವರು ಯಾರು? ಈ ಪ್ರದೇಶದ ಕಾಲೇಜುಗಳ ಕನ್ನಡ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕಿರುಚಿತ್ರಗಳನ್ನು ಬಿಡುವಿನ ವಿನೋದವೆಂದು ನೋಡಿ ಮರೆಯುವುದನ್ನು ಬಿಟ್ಟು, ಅವುಗಳ ಭಾಷೆ, ರಚನೆ, ರಸಗಳನ್ನು ಪಠ್ಯದಂತೆಯೇ ಪರಿಶೀಲಿಸತೊಡಗಿದರೆ ಆ ಸ್ಥಾನ ತಾನಾಗಿಯೇ ತುಂಬುವುದು. ಗ್ರಂಥಮಾಲೆಗೆ ವಿಮರ್ಶಕನು ಅನಿವಾರ್ಯನಾಗಿದ್ದಂತೆ ದೃಶ್ಯಮಾಲೆಗೂ ಅನಿವಾರ್ಯನು. ನೋಡುಗನನ್ನು ಚಂದಾದಾರನನ್ನಾಗಿ ಮಾಡುವ ಕೆಲಸ ಯಂತ್ರದಿಂದ ಆಗತಕ್ಕದ್ದಲ್ಲ. ಯಾವ ಕೃತಿಗೆ ಕಾಯಬೇಕು, ಏಕೆ ಕಾಯಬೇಕು ಎಂಬುದನ್ನು ಹೇಳಬಲ್ಲವರಿಂದ ಆಗತಕ್ಕದ್ದು.