ಬರದ ಸೀಮೆಯ ನಾಲ್ಕು ಕೊಂಬು

ಈ ವಾರ ಸೂಳೆಕೆರೆಯ ನೀರುಹಕ್ಕಿಗಳ ಸರದಿ ಎಂದು ಅಂಕಣಕಾರ ಮಾತು ಕೊಟ್ಟಾಗಿತ್ತು. ಚನ್ನಗಿರಿಯವರು ಒಂದು ವಾರ ತಡೆದುಕೊಳ್ಳಬೇಕು. ಸಫಾರಿ ಪಂಥದವರ ಹಳೇ ಕೊಂಕು ಮತ್ತೆ ಕಿವಿಗೆ ಬಿದ್ದಿದೆ: ‘ಜಗಳೂರಲ್ಲಿ ನೋಡೋಕೆ ಏನಿದೆ?’

1973ರಲ್ಲೇ ಹುಲಿ ಯೋಜನೆ ಕಂಡ ಬಂಡೀಪುರದ ಮಗ್ಗುಲಿನ ಗುಂಡ್ಲುಪೇಟೆಗೆ ಈ ಪ್ರಶ್ನೆ ಯಾರೂ ಹಾಕುವುದಿಲ್ಲ. ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದೂ ದಾವಣಗೆರೆ ಜಿಲ್ಲೆಯ ಪಾಲಿಗೆ ಬಂದಿಲ್ಲ, ನಿಜ. ಆದರೆ ಜಗಳೂರು ತಾಲ್ಲೂಕಿನ ಗುಡ್ಡಗಳಲ್ಲಿ ರಂಗಯ್ಯನದುರ್ಗವಿದೆ. ಸುಮಾರು 77 ಚದರ ಕಿಲೋಮೀಟರಿನ ಈ ಕುರುಚಲು ಕಾಡು 2011ರಲ್ಲಿ ಅಭಯಾರಣ್ಯವಾಯಿತು. ಆದದ್ದು ಹುಲಿಗಾಗಿ ಅಲ್ಲ, ಕೊಂಡುಕುರಿಗಾಗಿ.

ಹೆಸರಿನಲ್ಲಷ್ಟೇ ಕುರಿ, ಜಾತಿಯಲ್ಲಿ ಜಿಂಕೆಯೂ ಅಲ್ಲ. ಕೃಷ್ಣಮೃಗದ ಬಳಗದ ಈ ಪ್ರಾಣಿ ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿಲ್ಲ. ತೂಕ ಇಪ್ಪತ್ತು ಕಿಲೋ ಆಸುಪಾಸು. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಇನ್ನೊಂದು. ಮುಂದಿನವು ತೀರಾ ಗಿಡ್ಡ. ಕೆಲವಕ್ಕೆ ಬರೀ ಗುಬಟು. ಹೆಣ್ಣಿನ ತಲೆ ಬೋಳು. ಹಿಂಡು ಕಟ್ಟುವ ಚಾಳಿಯಿಲ್ಲ. ಅಪಾಯದ ಸುಳಿವು ಸಿಕ್ಕರೆ ಹುಲ್ಲಿನ ನಡುವೆ ಕಲ್ಲಾಗಿ ನಿಲ್ಲುತ್ತದೆ. ಜೀಪಿನಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕುವವರಿಗೆ ಇದು ದಕ್ಕುವ ಮಾತೇ ಅಲ್ಲ.

ದಕ್ಕುವುದು ಹಿಕ್ಕೆ. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಳೆಯದು ಬಿಸಿಲಿಗೆ ಬೆಳ್ಳಗಾಗಿರುತ್ತದೆ, ಅದರ ಮೇಲೆ ಹೊಸದು ಕಪ್ಪಗೆ ಮಿನುಗುತ್ತದೆ. ಪ್ರಾಣಿ ಈಗಲೂ ಇಲ್ಲೇ ಓಡಾಡಿಕೊಂಡಿದೆ ಎನ್ನಲು ಬಲ್ಲವನಿಗೆ ಆ ಗುಡ್ಡೆ ಸಾಕು. ಸಫಾರಿ ಪಂಥ ಇದಕ್ಕೆ ಮೂಗು ಮುರಿಯುತ್ತದೆ. ಮುರಿಯಲಿ; ಅವರ ಹುಲಿಯ ಗಣತಿಯಲ್ಲೂ ಹೆಜ್ಜೆ, ಲದ್ದಿಗಳಿಗೆ ಜಾಗವಿದೆ.

ಅಂಕಣಕಾರನನ್ನು ಕಾಡುವ ವಿಚಾರ ಬೇರೆ. ಬುಕ್ಕಾಪಟ್ಟಣದ ಚಿಂಕಾರ ನೀರಿನ ಮುಖ ನೋಡದೆ ಬಹಳ ದಿನ ತಳ್ಳಬಲ್ಲದು. ಕೊಂಡುಕುರಿಗೆ ಅದು ಆಗದು. ನೀರಿನಿಂದ ಹೆಚ್ಚು ದೂರ ಹೋಗುವ ಪ್ರಾಣಿಯೇ ಅಲ್ಲ. ಅಂಥದ್ದು ಬಂದು ನೆಲೆ ನಿಂತಿರುವುದು ಬರಕ್ಕೇ ಹೆಸರಾದ ಜಗಳೂರಿನಲ್ಲಿ! ನ್ಯಾಮತಿ, ಹೊನ್ನಾಳಿಯವರಿಗೆ ತುಂಗಭದ್ರೆ ಮನೆಯ ಹತ್ತಿರದ ಹೊಳೆ. ಜಗಳೂರಿಗೆ ಅದೇ ಹೊಳೆಯ ನೀರನ್ನು ಪಂಪು ಹಚ್ಚಿ, ಪೈಪಿನಲ್ಲಿ ತರಬೇಕಾಯಿತು. 57 ಕೆರೆ ತುಂಬಿಸುವ ಯೋಜನೆಯ ಹಿಂದೆ ಇಡೀ ತಾಲ್ಲೂಕಿನ ದಾಹವಿದೆ.

ಆ ಕೆರೆಗಳು ಊರಿನವು. ಅವು ತುಂಬಿದರೆ ದನ, ಕುರಿಗಳು ನೀರಿಗೆಂದು ಗುಡ್ಡ ಹತ್ತುವುದು ಕಡಿಮೆಯಾದೀತು. ಕಾಡಿನ ಹೊಂಡಗಳ ಕಥೆ ಬೇರೆ. ಏಪ್ರಿಲ್‌ನಲ್ಲಿ ಹೊಂಡದ ತಳ ಬಿರಿದ ಮೇಲೆ ಫಲಕದಲ್ಲಿ ಕೊಂಡುಕುರಿಯ ಚಿತ್ರ ಬರೆಸಿ ಏನುಪಯೋಗ? ಪ್ರವಾಸಿಗರಿಗೆ ಕಮಾನು ಕಟ್ಟಿಸುವ ದುಡ್ಡಿದ್ದರೆ ಮಳೆಗಾಲಕ್ಕೆ ಮೊದಲು ಈ ಹೊಂಡಗಳ ಹೂಳು ತೆಗೆಸಲಿ.