ನಂಜಮ್ಮನಿಗೆ ದೊರೆತದ್ದು, ಚೆನ್ನಿಗರಾಯನಿಗೆ ದೊರೆಯದ್ದು: ‘ಗೃಹಭಂಗ’ದ ಪಾತ್ರಸೃಷ್ಟಿ

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಎಸ್. ಎಲ್. ಭೈರಪ್ಪನವರ ಹೆಸರೆತ್ತಿದರೆ ನಮ್ಮ ವಲಯದಲ್ಲಿ ಮೊದಲು ನೆನಪಾಗುವುದು ಮತಾಂತರವನ್ನು ವಸ್ತುವಾಗಿಸಿಕೊಂಡ ‘ಧರ್ಮಶ್ರೀ’ (1961). ಅದನ್ನು ಓದುವಾಗ ನಮಗಾಗುವ ನೋವನ್ನು ಮರೆಮಾಚುವುದಿಲ್ಲ. ಆದರೆ ವಿಮರ್ಶೆಯ ದೃಷ್ಟಿಯಿಂದ ಅದರ ಕೊರತೆ ಬೇರೆ: ಅಲ್ಲಿಯ ಪಾತ್ರಗಳು ವಾದಗಳನ್ನು ಹೊತ್ತು ನಡೆಯುತ್ತವೆ, ವಾದ ಮುಗಿದಲ್ಲಿ ಮನುಷ್ಯರೂ ಮುಗಿಯುತ್ತಾರೆ.

ಒಂಬತ್ತು ವರ್ಷಗಳ ಅನಂತರದ ‘ಗೃಹಭಂಗ’ (1970) ಹಾಗಲ್ಲ. ನಂಜಮ್ಮನನ್ನು ಸದ್ಗುಣಿಯೆಂದು ಹೊಗಳಿ ಲೇಖಕರು ನಮ್ಮನ್ನು ಒಪ್ಪಿಸುವುದಿಲ್ಲ. ಗಂಡನಿಗೆ ಬಾರದ ಶಾನುಭೋಗಿಕೆಯ ಲೆಕ್ಕವನ್ನು ಅವಳು ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಬರಗಾಲದಲ್ಲಿ ಮಕ್ಕಳ ಹೊಟ್ಟೆಗೆ ದಾರಿ ಹುಡುಕುತ್ತಾಳೆ. ಅವಳು ಯಾರೆಂಬುದು ಈ ಕೆಲಸಗಳ ಒಳಗಿನಿಂದಲೇ ಮೂಡುತ್ತದೆ. ಪ್ಲೇಗು ಪಾರ್ವತಿಯನ್ನೂ ರಾಮಣ್ಣನನ್ನೂ ಕೊಂಡೊಯ್ದಾಗ ನಾವು ಅಳುವುದು ಸಾವಿಗಲ್ಲ, ಆ ತಾಯಿಯ ದುಡಿಮೆ ವ್ಯರ್ಥವಾದುದಕ್ಕೆ. ಬಾಲ್ಯದಲ್ಲಿಯೇ ಪ್ಲೇಗಿಗೆ ತಮ್ಮವರನ್ನು ಕಳೆದುಕೊಂಡ ಲೇಖಕರು ಇಲ್ಲಿ ಒಂದು ಮಾತನ್ನೂ ಎತ್ತರಿಸುವುದಿಲ್ಲ. ಯೋಬನ ಪುಸ್ತಕವನ್ನು ಬೋಧಿಸುವವರು ಈ ಅಧ್ಯಾಯಗಳನ್ನು ಓದದೆ ಪ್ರಸಂಗಪೀಠ ಏರಬಾರದೆಂದೇ ನಮ್ಮ ಅನಿಸಿಕೆ.

ಗಂಗಮ್ಮನೂ ಗಟ್ಟಿಯಾದ ಪಾತ್ರ. ಅವಳ ಬೈಗುಳದ ಹಿಂದೆ ವೈಧವ್ಯದ ಒಂಟಿತನವಿದೆ, ಅವಳಿಗೇ ಅರಿವಿರದ ಭಯವಿದೆ. (ಆ ನುಡಿಗಟ್ಟು ಹೊಳೆನರಸೀಪುರ, ಅರಕಲಗೂಡಿನ ಸಂತೆಗಳಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ.)

ನಮ್ಮ ತಕರಾರು ಇರುವುದು ಚೆನ್ನಿಗರಾಯನ ವಿಷಯದಲ್ಲಿ. ಆತ ಮೊದಲಿನಿಂದ ಕಡೆಯವರೆಗೆ ಬರಿಯ ಹೊಟ್ಟೆ. ಅಂಥ ಗಂಡಸರು ಇರುವುದಿಲ್ಲವೆಂದಲ್ಲ. ಹಾಸನ ಸೀಮೆಯ ಯಾವ ಸಭಾಪಾಲಕರಾದರೂ ಅಂಥ ನಾಲ್ವರನ್ನು ಬಲ್ಲರು. ಆದರೆ ಆತ ಒಂದು ಗಳಿಗೆಯಾದರೂ ತನ್ನನ್ನು ತಾನು ನೋಡಿಕೊಳ್ಳುವ ಅವಕಾಶವನ್ನು ಕಾದಂಬರಿ ಕೊಡುವುದಿಲ್ಲ. ನಂಜಮ್ಮನನ್ನು ಪ್ರೀತಿ ರೂಪಿಸಿತು, ಆತನನ್ನು ಸಿಟ್ಟು ರೂಪಿಸಿತು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಹಿರಿಯ ಮಗನನ್ನು ಹೋಲಿಸಿ ನೋಡಿ. ಆತ ಮುನಿಸಿಕೊಂಡು ಹೊರಗೆ ನಿಂತಿದ್ದಾನೆ, ತಂದೆ ಹೊರಬಂದು ಕರೆದಿದ್ದಾನೆ. ಮಗ ಒಳಗೆ ಹೋದನೋ ಇಲ್ಲವೋ ಕಥೆ ಹೇಳುವುದಿಲ್ಲ. ಬಾಗಿಲು ತೆರೆದೇ ಇದೆ. ಚೆನ್ನಿಗರಾಯನಿಗೆ ಅಂಥ ಬಾಗಿಲಿಲ್ಲ.

ಇದನ್ನು ಹೇಳುವಾಗ ನಮ್ಮ ಪ್ರಸಂಗಗಳೂ ನೆನಪಾಗುತ್ತವೆ. ಹಿರಿಯ ಮಗನನ್ನು, ಮಾರ್ಥಳನ್ನು, ಫರಿಸಾಯನನ್ನು ನಾವು ವಾರವಾರವೂ ಚೆನ್ನಿಗರಾಯನನ್ನಾಗಿಸುವುದಿಲ್ಲವೇ? ಭೈರಪ್ಪನವರಿಗೆ ಸಿಟ್ಟಿನ ಕಾರಣವಾದರೂ ಇತ್ತು, ನಮಗಿರುವುದು ಸೋಮಾರಿತನ.

ಕೃಪೆಯೆಂಬ ಮಾತಿಗೆ ಸಮೀಪವಾದುದು ಈ ಕೃತಿಯಲ್ಲಿ ಇರುವುದಾದರೆ ಅದು ಮಹಾದೇವಯ್ಯನವರಲ್ಲಿದೆ. ಭಿಕ್ಷೆಯಿಂದ ಬದುಕುವ ಜಂಗಮ, ಆ ಮನೆಯ ಕುಲದವರಲ್ಲ, ಬಂಧುವಲ್ಲ. ಎಲ್ಲರೂ ಹೋದ ಮೇಲೆ ಉಳಿದ ವಿಶ್ವನ ಕೈ ಹಿಡಿದು ಊರು ಬಿಡುವವರು ಅವರೇ.